ಹತ್ತಿಯ ಹೊಲದಲ್ಲಿ ಒಕ್ಕಲಿಗನಿಗೆ ನೆರವಾಗುವ ಹುಳುಗಳು

ಗೌಡರೇ, ಊರ ಹಿರಿಯರೇ, ಭೂಮಿಯುಳ್ಳ ಮಹನೀಯರೇ,

ವಿಜಯಪುರ, ತಿಕೋಟಾ, ಬಬಲೇಶ್ವರಗಳ ಎರೆಯ ಹೊಲಗಳಲ್ಲಿ ಹತ್ತಿಯೆಲೆಯ ಮೇಲೆ ಹುಳುವೊಂದು ಕಂಡ ಕೂಡಲೇ ಔಷಧದ ಪಂಪನ್ನು ಬೆನ್ನಿಗೇರಿಸುವುದು ರೂಢಿಯಾಗಿದೆ. ಆ ಹುಳು ಎಲೆಯನ್ನು ತಿನ್ನತಕ್ಕದ್ದೋ, ಎಲೆ ತಿನ್ನುವ ಹುಳುವನ್ನೇ ತಿನ್ನತಕ್ಕದ್ದೋ ಎಂದು ವಿಚಾರಿಸುವವರು ವಿರಳ. ಆ ವಿಚಾರವನ್ನೇ ಈ ದಿನ ತಮ್ಮಲ್ಲಿ ಅರಿಕೆಮಾಡುವೆನು.

ಗುಲಗಂಜಿ ಹುಳುವನ್ನು ತಾವೆಲ್ಲರೂ ಬಲ್ಲಿರಿ. ಅದರ ಮರಿಯನ್ನು ಬಲ್ಲವರು ಕಡಮೆ. ಮರಿಯು ದುಂಡಗಿರದೆ, ಉದ್ದವಾಗಿ, ಕಪ್ಪಾಗಿ, ಕಿತ್ತಳೆಯ ಬೊಟ್ಟುಗಳಿಂದ ಕೂಡಿ, ನೋಡಲು ವಿಕಾರವಾಗಿರುವುದು. ಇದನ್ನು ಪೀಡೆಯೆಂದು ಭ್ರಮಿಸಿ ಹೊಸಕುವುದುಂಟು. ಹೇನುಗಳನ್ನು ತಿನ್ನುವುದರಲ್ಲಿ ಅದು ತಾಯಿಗೆ ಹಿಂದೆ ಬಿದ್ದುದಲ್ಲ. ಕ್ರೈಸೊಪರ್ಲಾ ಎಂಬುದು ಜಾಲರಿಯಂಥ ರೆಕ್ಕೆಯ ಹಸಿರು ಕೀಟ. ಕೂದಲೆಳೆಯಂಥ ತೊಟ್ಟಿನ ತುದಿಯಲ್ಲಿ ಒಂದೊಂದೇ ಮೊಟ್ಟೆಯನ್ನಿಡುವುದು. ಇದರ ಮರಿಯು ಕುಡಗೋಲಿನಂಥ ದವಡೆಗಳಿಂದ ಹೇನು, ಬಿಳಿನೊಣದ ಮರಿ, ಪತಂಗದ ಮೊಟ್ಟೆಗಳನ್ನು ಹಿಡಿದು ರಸ ಹೀರುವುದು. ಸಾಸಿವೆಗಿಂತಲೂ ಚಿಕ್ಕದಾದ ಟ್ರೈಕೋಗ್ರಾಮಾ ಕಣಜವಂತೂ ಕಾಯಿಕೊರಕದ ಮೊಟ್ಟೆಯೊಳಗೇ ತನ್ನ ಮೊಟ್ಟೆಯನ್ನಿಡುವುದು. ಅಂಥ ಮೊಟ್ಟೆ ಕಪ್ಪಾಗಿ, ಅದರಿಂದ ಕೊರಕದ ಬದಲು ಕಣಜವೇ ಹೊರಬರುವುದು.

ಎಂಟು ಕಾಲಿನ ಜೇಡವು ಕೀಟವರ್ಗಕ್ಕೆ ಸೇರಿದುದಲ್ಲ. ಬಲೆ ನೇಯುವವಲ್ಲದೆ, ನೆಗೆದು ಹಿಡಿಯುವ ಜೇಡಗಳೂ ಹೂವಿನಲ್ಲಿ ಹೊಂಚುವ ಜೇಡಗಳೂ ಉಂಟು. ಜೇಡವು ಆರಿಸಿ ತಿನ್ನದು, ಮಿತ್ರಕೀಟವನ್ನೂ ಬಿಡದು. ಆದರೂ ಜಿಗಿಹುಳು, ಎಳೆಯ ಮರಿಹುಳುಗಳನ್ನು ಅದು ತಿನ್ನುವುದರಿಂದ ಒಟ್ಟಿನಲ್ಲಿ ಲಾಭವೇ.

ಔಷಧ ಹೊಡೆದಾಗ ಎಲೆಯಡಿಯ ಪೀಡೆಗಳಲ್ಲಿ ಕೆಲವು ಉಳಿಯುವುವು, ಶೀಘ್ರವಾಗಿ ಹೆಚ್ಚುವುವು. ಬಯಲಲ್ಲಿ ಓಡಾಡುವ ಮಿತ್ರಕೀಟಗಳು ಸತ್ತರೆ ಮತ್ತೆ ತುಂಬಿಕೊಳ್ಳಲು ಕಾಲ ಹಿಡಿಯುವುದು. 2015ರಲ್ಲಿ ಪಂಜಾಬಿನ ರೈತರು ಮೇಲಿಂದ ಮೇಲೆ ಔಷಧ ಹೊಡೆದರೂ ಬಿಳಿನೊಣ ಅಡಗದೆ ಹತ್ತಿ ಹಾಳಾಯಿತು. ಬೀಟಿ ಬೀಜಗಳಿಗೆ ಸಾಮಾನ್ಯವಾಗಿ ಮೊದಲೇ ಔಷಧ ಲೇಪಿಸಿರುವುದರಿಂದ ಆರಂಭದ ವಾರಗಳಲ್ಲಿ ಸಿಂಪರಣೆಯು ಬಹುಮಟ್ಟಿಗೆ ವ್ಯರ್ಥವೆಚ್ಚ. ವಾರಕ್ಕೊಮ್ಮೆ ಹೊಲದ ಇಪ್ಪತ್ತು ಗಿಡಗಳ ಎಲೆಯಡಿಯನ್ನು ನೋಡತಕ್ಕದ್ದು. ಜಿಗಿಹುಳು ಎಲೆಗೆ ಎರಡಕ್ಕಿಂತ ಕಡಮೆಯಿದ್ದರೆ ಪಂಪು ಮನೆಯಲ್ಲೇ ಇರಲಿ. ಹೊಲದ ಅಂಚಿನಲ್ಲಿ ಜೋಳ, ಅಲಸಂದೆ ಬಿತ್ತಿದರೆ ಮಿತ್ರಕೀಟಗಳಿಗೆ ಆಶ್ರಯವಾಗುವುದು. ತಿಕೋಟಾದ ಕಡೆ ದ್ರಾಕ್ಷಿಯ ತೋಟಕ್ಕೆ ತಾಗಿ ಹತ್ತಿಯಿದ್ದರೆ, ಗಾಳಿ ಇತ್ತ ಬೀಸುವ ವೇಳೆ ತೋಟಕ್ಕೆ ಔಷಧ ಹೊಡೆಯದಂತೆ ನೆರೆಯವರೊಡನೆ ಮಾತಾಡಿಕೊಳ್ಳುವುದು ಒಳ್ಳೆಯದು.

ಇಷ್ಟಾದರೂ ಒಂದು ಮಾತನ್ನು ಮುಚ್ಚಿಡಬಾರದು. ಗುಲಾಬಿ ಕಾಯಿಕೊರಕದ ಮರಿಯು ಮೊಟ್ಟೆಯೊಡೆದ ಸ್ವಲ್ಪ ಹೊತ್ತಿನಲ್ಲೇ ಮೊಗ್ಗು ಕಾಯಿಗಳನ್ನು ಹೊಕ್ಕುಬಿಡುವುದು. ಅಲ್ಲಿಗೆ ಜೇಡವಾಗಲಿ ಗುಲಗಂಜಿಯಾಗಲಿ ಮುಟ್ಟಲಾರದು. 2002ರಲ್ಲಿ ನಮ್ಮ ದೇಶಕ್ಕೆ ಬಂದ ಬೀಟಿ ಹತ್ತಿಯೂ ಈ ಕೊರಕದ ಮುಂದೆ ಬಲಗುಂದಿದೆ. ಇದಕ್ಕೆ ಮೋಹಕ ಬಲೆಗಳನ್ನು ಕಟ್ಟತಕ್ಕದ್ದು. ಬಲೆಗೆ ರಾತ್ರಿಗೆ ಎಂಟು ಪತಂಗದಂತೆ ಮೂರು ರಾತ್ರಿ ಸತತವಾಗಿ ಬಿದ್ದರೆ ಮಾತ್ರ ಔಷಧದ ಆಲೋಚನೆ. ತುಬಚಿ-ಬಬಲೇಶ್ವರ ಏತ ನೀರಾವರಿಯ ನೀರು ದೊರೆಯಿತೆಂದು ಹತ್ತಿಯನ್ನು ಬೇಸಿಗೆಯವರೆಗೆ ಎಳೆಯುವುದು ಕೊರಕಕ್ಕೆ ಅನ್ನವಿಕ್ಕಿದಂತೆ. ಜನವರಿಯೊಳಗೆ ಬೆಳೆ ಮುಗಿಸಿ ಕಟ್ಟಿಗೆಯನ್ನು ಕಿತ್ತುಹಾಕಬೇಕು. ಒಬ್ಬನು ಕಿತ್ತು ನೆರೆಯವನು ಉಳಿಸಿಕೊಂಡರೆ ಪತಂಗವು ಬದುವನ್ನು ಲೆಕ್ಕಿಸದು. ಆದಕಾರಣ ಊರೆಲ್ಲ ಒಂದೇ ವಾರದಲ್ಲಿ ಕೀಳುವಂತೆ ದಿನ ಗೊತ್ತುಮಾಡಿ ಡಂಗುರ ಹೊಯಿಸುವ ಕಾರ್ಯವು ಗೌಡರಾದ ತಮ್ಮದು.