ದೀಪ ಉರಿಸಿ ಕಲಿಯುವ ಪ್ರೋಗ್ರಾಮಿಂಗ್
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್ ಪರವಾಗಿ ಮಾಡಿದ ಭಾಷಣ)



ಫೀಸು ಕೊಡುತ್ತೇವೆ, ಪುಸ್ತಕವನ್ನೂ ಕೊಡುತ್ತೇವೆ. ಆದರೂ ಡಿಪ್ಲೊಮಾ, ಬಿಸಿಎ ಸೇರಿದ ಕನ್ನಡ ಮತ್ತು ಉರ್ದು ಮಾಧ್ಯಮದ ಮಕ್ಕಳಲ್ಲಿ ಕೆಲವರು ಮೊದಲ ವರ್ಷದ ಪ್ರೋಗ್ರಾಮಿಂಗ್‌ನಲ್ಲೇ ಎಡವುತ್ತಾರೆ, ಓದನ್ನೇ ಬಿಡುತ್ತಾರೆ. ಬುದ್ಧಿ ಕಡಿಮೆಯೆಂದಲ್ಲ. ಕರಿಹಲಗೆಯ ಪ್ರೋಗ್ರಾಂ ಬಾಯಿಪಾಠ ಮಾಡುತ್ತಾರೆ. ಒಂದು ಸಾಲು ಬದಲಾದರೆ ಏನಾಗುತ್ತದೆಂದು ಕೇಳಿದರೆ ತಲೆ ತಗ್ಗಿಸುತ್ತಾರೆ. ಪರದೆಯಲ್ಲಿ ಬರುವ ತಪ್ಪಿನ ಸೂಚನೆಯೂ ಇಂಗ್ಲಿಷಿನಲ್ಲೇ. ಹಾಗಾಗಿ ಈ ವರ್ಷ ಫೀಸಿನ ಜೊತೆ ಆರ್ಡುಯಿನೊ ಕಿಟ್ಟನ್ನೂ ಕೊಡಲಿದ್ದೇವೆ.

ಆರ್ಡುಯಿನೊ ಅಂಗೈಯಗಲದ ಒಂದು ಬೋರ್ಡು. 2005ರಲ್ಲಿ ಇಟಲಿಯ ಇವ್ರೆಯಾ ಊರಿನ ವಿನ್ಯಾಸ ಶಾಲೆಯಲ್ಲಿ, ಎಲೆಕ್ಟ್ರಾನಿಕ್ಸ್ ಓದದ ವಿದ್ಯಾರ್ಥಿಗಳೂ ಬಳಸಲೆಂದು ಮಾಡಿದ್ದು. ಅದರ ನಕ್ಷೆ ಎಲ್ಲರಿಗೂ ಮುಕ್ತ. ಆದ್ದರಿಂದಲೇ ಅಗ್ಗದ ಪ್ರತಿರೂಪಗಳು ಸಿಗುತ್ತವೆ.

ಮೊದಲ ಪಾಠ ಒಂದು ಎಲ್‌ಇಡಿ ದೀಪ. ಪ್ರೋಗ್ರಾಮಿನಲ್ಲಿ 1000 ಎಂದು ಬರೆದರೆ ಒಂದು ಸೆಕೆಂಡು ಉರಿದು, ಒಂದು ಸೆಕೆಂಡು ಆರುತ್ತದೆ. 100 ಎಂದರೆ ಪಟಪಟ ಮಿಟುಕುತ್ತದೆ. 5 ಎಂದರೆ ಆರುವುದು ಕಣ್ಣಿಗೇ ಕಾಣದು. ಇದಕ್ಕೆ ಯಾರ ವಿವರಣೆಯೂ ಬೇಡ.

ಆಮೇಲೆ ಒಂದು ಗುಂಡಿ, ಒಂದು ಬಜರ್. ಹತ್ತು ಸಲ ಒತ್ತಿದರೆ ಒಂದೋ ಎರಡೋ ಸಲ ಕೂಗುತ್ತದೆ. ಮಕ್ಕಳು ತಂತಿ ಅಲುಗಾಡಿಸುತ್ತಾರೆ, ಗುಂಡಿಯನ್ನು ಬೈಯುತ್ತಾರೆ. ಪಾಪ, ಗುಂಡಿಯ ತಪ್ಪೇನಿಲ್ಲ. ದೀಪಕ್ಕಾಗಿ ‘ಒಂದು ಸೆಕೆಂಡು ಕಾಯಿ’ ಎಂದು ಬರೆದಿದ್ದೇವಲ್ಲ, ಕಾಯುವಷ್ಟು ಹೊತ್ತೂ ಬೋರ್ಡು ಗುಂಡಿಯ ಕಡೆ ತಿರುಗಿಯೂ ನೋಡುವುದಿಲ್ಲ. ಸುಮ್ಮನೆ ಕಾಯದೆ, ಆಗಾಗ ಗಡಿಯಾರ ನೋಡುತ್ತಾ ಉಳಿದ ಕೆಲಸ ಮಾಡು ಎಂದು ತಿದ್ದಿ ಬರೆಯಬೇಕು. ಒಲೆಯ ಮೇಲೆ ಹಾಲಿಟ್ಟು ಈರುಳ್ಳಿ ಹೆಚ್ಚುವ ತಾಯಂದಿರಿಗೆ ಇದು ಹೊಸ ವಿದ್ಯೆಯೇನಲ್ಲ!

ಗ್ಯಾರೇಜಿನಲ್ಲೋ ವೈರಿಂಗ್ ಕೆಲಸದಲ್ಲೋ ತಂದೆಗೆ ಕೈಜೋಡಿಸಿದ ಮಕ್ಕಳಿಗೆ ಇಲ್ಲಿ ಅನುಕೂಲವೇ ಹೆಚ್ಚು. ದೋಷ ತಂತಿಯದೋ ಪ್ರೋಗ್ರಾಮಿನದೋ ಎಂದು ಒಂದೊಂದನ್ನೇ ಬಿಡಿಸಿ ನೋಡುವುದು ಅವರಿಗೆ ಮೊದಲೇ ಗೊತ್ತು. ಆ ಕೈಗೆಲಸವನ್ನು ಓದಿಗೆ ಅಡ್ಡಿಯೆಂದು ಯಾರೂ ಹೀಗಳೆಯಬಾರದು.

ಕಿಟ್ಟಿನಿಂದಲೇ ಎಲ್ಲವೂ ಬಾರದು. ಪರೀಕ್ಷೆಯಲ್ಲಿ ಕೇಳುವ ಅರೇ, ಪಾಯಿಂಟರ್‌ಗಳಿಗೆ ಪುಸ್ತಕ ಹಿಡಿಯಲೇಬೇಕು.

ವಿದ್ಯಾರ್ಥಿವೇತನದ ಅರ್ಜಿಯ ಕೊನೆಯ ಪುಟದಲ್ಲಿ ಕಿಟ್ಟಿಗಾಗಿ ಪ್ರತ್ಯೇಕ ಜಾಗವಿದೆ. ಹೆಣ್ಣುಮಕ್ಕಳ ಪೋಷಕರು ಅದನ್ನು ಖಾಲಿ ಬಿಡದಿರಿ. ಇಬ್ಬರಿಗೆ ಒಂದು ಕಿಟ್. ಸರದಿಯಂತೆ ಮನೆಗೂ ಒಯ್ಯಬಹುದು. ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು ಭಾನುವಾರ ಟ್ರಸ್ಟ್ ಕಚೇರಿಗೆ ಬನ್ನಿ. ಬೋರ್ಡಿಗೆ ಯುಎಸ್‌ಬಿಯ 5 ವೋಲ್ಟ್ ಸಾಕು. ಗೋಡೆಯ ಪ್ಲಗ್ಗಿನ 230 ವೋಲ್ಟಿಗೆ ಮಕ್ಕಳು ತಂತಿ ಸಿಕ್ಕಿಸದಂತೆ ಮನೆಯವರು ನೋಡಿಕೊಳ್ಳಿ.