ಜೆರೋಮ್ ಕರ್ನ್ ಮತ್ತು ನಾಟಕದ ಹಾಡು

ನಾಟಕದಲ್ಲಿ ಹಾಡು ಇರಬೇಕೆ, ಇದ್ದರೆ ಎಲ್ಲಿರಬೇಕು, ಎಷ್ಟಿರಬೇಕು ಎಂಬ ಚರ್ಚೆ ಕನ್ನಡಿಗರಾದ ನಮಗೆ ಹೊಸದಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ರಂಗದ ಮೇಲೆ ಪ್ರಾಣಬಿಟ್ಟ ಪಾತ್ರಧಾರಿಯು ಸಹ ‘ಒನ್ಸ್ ಮೋರ್’ ಎಂಬ ಕೂಗು ಕೇಳಿದೊಡನೆ ಎದ್ದು ಕುಳಿತು ಮತ್ತೊಮ್ಮೆ ಹಾಡಿ ಮತ್ತೊಮ್ಮೆ ಸಾಯುತ್ತಿದ್ದನೆಂಬ ವಿನೋದದ ಮಾತು ಪ್ರಸಿದ್ಧವಾಗಿದೆ. ಕಥೆಗೂ ಹಾಡಿಗೂ ಇರಬೇಕಾದ ಸಂಬಂಧವೇನು ಎಂಬುದು ಈ ವಿನೋದದ ಹಿಂದೆ ಅಡಗಿರುವ ಪ್ರಶ್ನೆ. ಇದು ನಮಗೊಬ್ಬರಿಗೇ ಒದಗಿದುದಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಲಂಡನ್ ಮತ್ತು ನ್ಯೂಯಾರ್ಕ್ ನಗರಗಳ ರಂಗಭೂಮಿಯೂ ಇದನ್ನು ಎದುರಿಸಬೇಕಾಯಿತು. ಅಲ್ಲಿ ಇದಕ್ಕೆ ಉತ್ತರವನ್ನು ಹುಡುಕಿದವರಲ್ಲಿ ಮುಖ್ಯನಾದವನು ಜೆರೋಮ್ ಕರ್ನ್. ಆತನ ಬಾಳನ್ನೂ ಕೃತಿಯನ್ನೂ ಈ ಹೊತ್ತು ಸ್ವಲ್ಪ ವಿಚಾರಿಸೋಣ.

ಕರ್ನನು ೧೮೮೫ನೆಯ ಜನವರಿ ೨೭ರಂದು ನ್ಯೂಯಾರ್ಕಿನಲ್ಲಿ ಹುಟ್ಟಿದನು. ಪಿಯಾನೋ ವಾದ್ಯದ ಮೊದಲ ಪಾಠಗಳು ತಾಯಿಯಿಂದ ದೊರೆತುವು. ತಂದೆ ವ್ಯಾಪಾರಸ್ಥ, ಮಗನೂ ಅಂಗಡಿಯಲ್ಲಿ ಕುಳಿತುಕೊಳ್ಳಬೇಕೆಂಬುದು ಆತನ ಇಚ್ಛೆ. ಎರಡು ಪಿಯಾನೋಗಳನ್ನು ಕೊಂಡು ತಾರೆಂದು ಕಳುಹಿಸಿದರೆ ಮಗನು ಇನ್ನೂರಕ್ಕೆ ಒಪ್ಪಂದ ಮಾಡಿಕೊಂಡು ಬಂದನೆಂದೂ, ಅಂದಿಗೆ ಅವನ ವ್ಯಾಪಾರದ ಬಾಳು ಮುಗಿಯಿತೆಂದೂ ಒಂದು ಕಥೆ ಹೇಳುವುದುಂಟು. ೧೯೦೨ರಲ್ಲಿ ಆತನು ನ್ಯೂಯಾರ್ಕಿನ ಸಂಗೀತ ಕಾಲೇಜನ್ನು ಸೇರಿ, ಬಳಿಕ ಕೆಲವು ಕಾಲ ಜರ್ಮನಿಯ ಹೈಡೆಲ್‌ಬರ್ಗಿನಲ್ಲಿ ಅಭ್ಯಾಸ ಮಾಡಿದನು. ಹಿಂತಿರುಗಿದ ಮೇಲೆ ಹೊಟ್ಟೆಪಾಡಿಗಾಗಿ ಗೀತಪ್ರಕಾಶಕರ ಅಂಗಡಿಗಳಲ್ಲಿ ಹೊಸ ಹಾಡುಗಳನ್ನು ಗಿರಾಕಿಗಳಿಗೆ ನುಡಿಸಿ ತೋರಿಸುವ ಕೆಲಸವನ್ನೂ, ನಾಟಕಶಾಲೆಗಳಲ್ಲಿ ತಾಲೀಮಿನ ವೇಳೆ ಪಿಯಾನೋ ನುಡಿಸುವ ಕೆಲಸವನ್ನೂ ಮಾಡಿದನು. ಈ ಎರಡನೆಯ ಕೆಲಸ ಆತನಿಗೆ ವಿದ್ಯಾಶಾಲೆಯಾಯಿತು. ಹಾಡೊಂದು ಯಾವಾಗ ನಾಟಕವನ್ನು ಎತ್ತುತ್ತದೆ, ಯಾವಾಗ ಕುಗ್ಗಿಸುತ್ತದೆ ಎಂಬುದನ್ನು ದಿನವೂ ಹತ್ತಿರದಿಂದ ನೋಡುವ ಅವಕಾಶ ಅಲ್ಲಿ ದೊರೆಯಿತು.

ಆ ಕಾಲದ ಪದ್ಧತಿಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನ್ಯೂಯಾರ್ಕಿನ ವಿನೋದ ಗೀತನಾಟಕಗಳಲ್ಲಿ ಅನೇಕವು ಲಂಡನ್ನಿನಿಂದಲೂ ಯೂರೋಪಿನ ಇತರ ನಗರಗಳಿಂದಲೂ ಬಂದವು. ಮೂಲದ ಹಾಡುಗಳು ಅಮೆರಿಕದ ಪ್ರೇಕ್ಷಕರಿಗೆ ರುಚಿಸದಿದ್ದರೆ ನಿರ್ಮಾಪಕನು ಅವುಗಳನ್ನು ತೆಗೆದುಹಾಕಿ, ಆ ಸ್ಥಳದಲ್ಲಿ ಬೇರೆಯವರಿಂದ ಬರೆಸಿದ ಹಾಡುಗಳನ್ನು ತುಂಬುತ್ತಿದ್ದನು. ಹರಿದ ಬಟ್ಟೆಗೆ ತೇಪೆ ಹಾಕಿದಂತೆ ಈ ಕೆಲಸ. ಹಾಡು ಯಾವ ಪಾತ್ರದ ಬಾಯಿಂದ ಬರುತ್ತದೆ, ಏಕೆ ಬರುತ್ತದೆ ಎಂದು ಕೇಳುವವರು ಕಡಮೆ. ಮಟ್ಟು ಹಿಡಿಸಿದರೆ ಸಾಕು. ಮರುದಿನ ಅದರ ಸ್ವರಲಿಪಿಯ ಹಾಳೆಗಳು ಅಂಗಡಿಯಲ್ಲಿ ಮಾರಾಟವಾಗುತ್ತವೆ. ಕರ್ನನು ತನ್ನ ವೃತ್ತಿಯ ಮೊದಲ ಹತ್ತು ವರ್ಷಗಳನ್ನು ಬಹುಮಟ್ಟಿಗೆ ಈ ತೇಪೆಯ ಕೆಲಸದಲ್ಲಿಯೇ ಕಳೆದನು.

ಇದೇ ಕೆಲಸಕ್ಕಾಗಿ ಆತನು ಲಂಡನ್ನಿಗೂ ಹೋಗಿಬರುತ್ತಿದ್ದನು. ಚಾರಲ್ಸ್ ಫ್ರೋಮನ್ ಎಂಬ ನಿರ್ಮಾಪಕನು ಎರಡು ನಗರಗಳಲ್ಲಿಯೂ ನಾಟಕಗಳನ್ನು ನಡೆಸುತ್ತಿದ್ದನು. ಲಂಡನ್ನಿನ ದೊಡ್ಡ ಮನುಷ್ಯರು ಊಟ ಮುಗಿಸಿಕೊಂಡು ತಡವಾಗಿ ನಾಟಕಕ್ಕೆ ಬರುತ್ತಿದ್ದರೆಂದೂ, ಆದಕಾರಣ ಆರಂಭದ ಹಾಡುಗಳನ್ನು ಹೊಸಬರಿಗೆ ಬಿಟ್ಟುಕೊಡುತ್ತಿದ್ದರೆಂದೂ ಹೇಳುತ್ತಾರೆ. ಯಾರೂ ಕೇಳದ ಈ ವೇಳೆಯಲ್ಲಿಯೇ ಕರ್ನನು ಕಸುಬು ಕಲಿತನು. ೧೯೦೬ರಲ್ಲಿ ‘ದಿ ಬ್ಯೂಟಿ ಆಫ್ ಬಾತ್’ ಎಂಬ ನಾಟಕಕ್ಕೆ ಹಾಡು ಕಟ್ಟುವಾಗ ಪಿ. ಜಿ. ವುಡ್‌ಹೌಸ್ ಎಂಬ ತರುಣ ಲೇಖಕನ ಪರಿಚಯವಾಯಿತು. ಮುಂದೆ ಜೀವ್ಸ್‌ನ ಕಥೆಗಳಿಂದ ಲೋಕವನ್ನೆಲ್ಲ ನಗಿಸಿದವನು ಇವನೇ. ಇಬ್ಬರೂ ಸೇರಿ ರಾಜಕಾರಣಿ ಚೇಂಬರ್ಲೇನರನ್ನು ಕುರಿತು ಒಂದು ಪರಿಹಾಸದ ಹಾಡನ್ನು ಕಟ್ಟಿದರು. ೧೯೧೦ರಲ್ಲಿ ಕರ್ನನು ಇಂಗ್ಲೆಂಡಿನ ಕನ್ಯೆಯನ್ನೇ ವರಿಸಿದನು.

೧೯೧೪ರಲ್ಲಿ ‘ದಿ ಗರ್ಲ್ ಫ್ರಮ್ ಯೂಟಾ’ ಎಂಬ ಇಂಗ್ಲಿಷ್ ನಾಟಕವು ನ್ಯೂಯಾರ್ಕಿಗೆ ಬಂದಾಗ ಅದಕ್ಕೆ ಕೆಲವು ಹಾಡುಗಳನ್ನು ಸೇರಿಸುವ ಕೆಲಸ ಕರ್ನನಿಗೆ ಬಂದಿತು. ಅವುಗಳಲ್ಲಿ ಒಂದಾದ ‘ದೇ ಡಿಡಂಟ್ ಬಿಲೀವ್ ಮಿ’ ಎಂಬುದು ಆತನ ಹೆಸರನ್ನು ನಿಲ್ಲಿಸಿತು. ಅಲ್ಲಿಯವರೆಗೆ ರಂಗದ ಪ್ರೇಮಗೀತೆಯೆಂದರೆ ಸಾಮಾನ್ಯವಾಗಿ ಮೂರೆಣಿಕೆಯ ವಾಲ್ಟ್ಸ್ ಕುಣಿತದ ನಡೆ. ಇದು ನಾಲ್ಕೆಣಿಕೆಯಲ್ಲಿ, ಮಾತನಾಡುವವನ ಉಸಿರಿನ ಅಳತೆಗೆ ಹೊಂದಿಕೊಂಡು ಸಾಗುತ್ತದೆ. ಹಾಡುವವನು ಪ್ರದರ್ಶನ ಮಾಡುತ್ತಿರುವಂತಲ್ಲ, ಎದುರಿಗಿರುವವರಿಗೆ ಏನನ್ನೋ ಹೇಳುತ್ತಿರುವಂತೆ ತೋರುತ್ತದೆ. ನಾಟಕದ ಹಾಡಿಗೆ ಬೇಕಾದ ಮೊದಲ ಗುಣ ಇದಲ್ಲವೆ? ಆದರೂ ಈ ಹಾಡು ಪರರ ನಾಟಕದಲ್ಲಿ ಅತಿಥಿಯಾಗಿಯೇ ಉಳಿಯಿತು. ಮರುವರ್ಷ, ೧೯೧೫ನೆಯ ಮೇ ೭ರಂದು, ಲೂಸಿಟೇನಿಯ ಹಡಗು ಮುಳುಗಿದಾಗ ಫ್ರೋಮನ್ನನು ಅದರೊಡನೆ ಮಡಿದನು.

ಅದೇ ವರ್ಷ ನ್ಯೂಯಾರ್ಕಿನ ಪ್ರಿನ್ಸೆಸ್ ನಾಟಕಶಾಲೆಯಲ್ಲಿ ಹೊಸದೊಂದು ಪ್ರಯೋಗಕ್ಕೆ ಆರಂಭವಾಯಿತು. ಅದರಲ್ಲಿದ್ದ ಆಸನಗಳು ೨೯೯ ಮಾತ್ರ. ಇಷ್ಟು ಚಿಕ್ಕ ಮಂದಿರದಲ್ಲಿ ನೂರಾರು ನರ್ತಕಿಯರಿಗೆ ಎಡೆಯಿಲ್ಲ, ಅರಮನೆಯ ವೈಭವಕ್ಕೆ ಹಣವಿಲ್ಲ. ಎರಡು ದೃಶ್ಯಗಳ ಪರದೆ, ಬೆರಳೆಣಿಕೆಯ ವಾದ್ಯಗಾರರು, ಈ ಕಾಲದ ಈ ಊರಿನ ಸಾಮಾನ್ಯ ಜನರ ಕಥೆ. ಬಡತನದಿಂದ ಹುಟ್ಟಿದ ಈ ಮಿತಿಯೇ ಕಲೆಗೆ ಉಪಕಾರವಾಯಿತು. ಆಡಂಬರದ ಮರೆ ತಪ್ಪಿದ ಮೇಲೆ ಕಥೆಯೂ ಹಾಡೂ ಒಂದನ್ನೊಂದು ಆತುಕೊಂಡೇ ನಿಲ್ಲಬೇಕಾಯಿತು. ಕಥೆಯನ್ನು ಗೈ ಬೋಲ್ಟನ್, ಸ್ವರವನ್ನು ಕರ್ನ್ ಹೊಣೆಹೊತ್ತರು; ಸ್ವಲ್ಪ ಕಾಲದಲ್ಲಿಯೇ ಹಾಡಿನ ಮಾತನ್ನು ಬರೆಯಲು ವುಡ್‌ಹೌಸನೂ ಬಂದು ಕೂಡಿಕೊಂಡನು. ೧೯೧೭ರ ‘ಓ ಬಾಯ್’ ೪೫೦ಕ್ಕೂ ಮಿಗಿಲಾದ ಪ್ರದರ್ಶನಗಳನ್ನು ಕಂಡಿತು. ಹಾಡುಗಳು ನಾಟಕದ ಕ್ರಿಯೆಯನ್ನು ಮುಂದಕ್ಕೆ ಒಯ್ಯಬೇಕು, ಹಾಡುವ ಪಾತ್ರದ ಸ್ವಭಾವವನ್ನು ತೋರಿಸಬೇಕು ಎಂದು ಕರ್ನನು ಬಹಿರಂಗವಾಗಿ ಹೇಳಿದುದೂ ಆ ದಿನಗಳಲ್ಲಿಯೇ. ಈ ಮಾತು ಇಂದು ಸಾಮಾನ್ಯವಾಗಿ ಕಾಣಬಹುದು. ತೇಪೆಯ ಕೆಲಸದಿಂದ ಹೊಟ್ಟೆ ಹೊರೆದವನ ಬಾಯಿಂದ ಬಂದಿತೆಂಬುದನ್ನು ನೆನೆದರೆ ಅದರ ಬೆಲೆ ತಿಳಿಯುತ್ತದೆ.

ಈ ಮಾತಿನ ನಿಜವಾದ ಪರೀಕ್ಷೆ ಹತ್ತು ವರ್ಷಗಳ ಮೇಲೆ ನಡೆಯಿತು. ೧೯೨೬ರಲ್ಲಿ ಎಡ್ನಾ ಫರ್ಬರ್ ಎಂಬಾಕೆಯ ‘ಷೋ ಬೋಟ್’ ಕಾದಂಬರಿ ಹೊರಬಂದಿತು. ಮಿಸಿಸಿಪ್ಪಿ ನದಿಯ ಮೇಲೆ ಊರಿಂದೂರಿಗೆ ತೇಲುತ್ತ ನಾಟಕವಾಡುವ ಒಂದು ನಾವೆ, ಅದರ ಒಡೆಯನ ಮಗಳು, ಆಕೆಯನ್ನು ಮದುವೆಯಾಗಿ ಕೈಬಿಡುವ ಜೂಜುಗಾರ, ನಾಲ್ಕು ದಶಕಗಳ ಏಳುಬೀಳು: ಇದು ಕಥೆಯ ಹಂದರ. ಕರ್ನನು ಇದನ್ನು ಗೀತನಾಟಕವಾಗಿ ಮಾಡುವೆನೆಂದಾಗ ಲೇಖಕಿಗೇ ಆಶ್ಚರ್ಯವಾಯಿತು. ನಗೆಗೂ ನರ್ತನಕ್ಕೂ ಮೀಸಲಾದ ರಂಗದಲ್ಲಿ ಇಂತಹ ಕಥೆಗೆ ಸ್ಥಳವೆಲ್ಲಿ? ಮಾತನ್ನೂ ಗೀತೆಯನ್ನೂ ಎರಡನೆಯ ಆಸ್ಕರ್ ಹ್ಯಾಮರ್‌ಸ್ಟೈನ್ ಬರೆದನು. ಆಡಂಬರಕ್ಕೆ ಹೆಸರಾಗಿದ್ದ ಜೀಗ್‌ಫೆಲ್ಡನೇ ನಿರ್ಮಾಪಕನಾದುದು ಒಂದು ವಿಚಿತ್ರ. ೧೯೨೭ನೆಯ ಡಿಸೆಂಬರ್ ೨೭ರಂದು ನ್ಯೂಯಾರ್ಕಿನಲ್ಲಿ ಮೊದಲ ಪ್ರದರ್ಶನವಾಗಿ, ೫೭೨ ಸಲ ನಾಟಕವು ನಡೆಯಿತು.

ನಾಟಕದ ಹೃದಯವಿರುವುದು ಜೂಲಿ ಎಂಬ ನಟಿಯ ಪ್ರಸಂಗದಲ್ಲಿ. ಆಕೆ ಬಿಳಿಯಳೆಂದೇ ಎಲ್ಲರೂ ಬಗೆದಿರುತ್ತಾರೆ. ಆಕೆಯಲ್ಲಿ ನೀಗ್ರೋ ರಕ್ತವೂ ಇದೆಯೆಂದು ಹೊರಪಡುತ್ತದೆ. ಬಿಳಿಯ ಗಂಡನೊಡನೆ ಆಕೆಯ ವಿವಾಹ ಆ ರಾಜ್ಯದ ಕಾನೂನಿಗೆ ಅಪರಾಧ. ಇಬ್ಬರೂ ನಾವೆಯನ್ನು ಬಿಟ್ಟು ಹೋಗಬೇಕಾಗುತ್ತದೆ. ಇದು ಬರಿಯ ಕಟ್ಟುಕಥೆಯಲ್ಲ. ಇಂತಹ ವಿವಾಹಗಳನ್ನು ನಿಷೇಧಿಸುವ ಕಾನೂನುಗಳು ನಾಟಕವಾದಾಗ ಅಮೆರಿಕದ ಅನೇಕ ರಾಜ್ಯಗಳಲ್ಲಿ ಜೀವಂತವಾಗಿದ್ದುವು. ಅಲ್ಲಿನ ಸರ್ವೋಚ್ಚ ನ್ಯಾಯಾಲಯವು ಅವುಗಳನ್ನು ರದ್ದುಗೊಳಿಸಿದುದು ೧೯೬೭ರಲ್ಲಿ. ಮನರಂಜನೆಗೆಂದು ಬಂದು ಕುಳಿತ ಪ್ರೇಕ್ಷಕರ ಮುಂದೆ ಅವರ ದೇಶದ ಈ ಹುಣ್ಣನ್ನು ತೆರೆದಿಟ್ಟುದು ಸಾಮಾನ್ಯ ಧೈರ್ಯವಲ್ಲ.

‘ಓಲ್ ಮ್ಯಾನ್ ರಿವರ್’ ಎಂಬ ಪ್ರಸಿದ್ಧ ಹಾಡು ಇದೇ ನಾಟಕದ್ದು. ಕಟ್ಟೆಯಲ್ಲಿ ಮೂಟೆ ಹೊರುವ ಜೋ ಎಂಬ ಕರಿಯ ಕೂಲಿಯವನು ಇದನ್ನು ಹಾಡುತ್ತಾನೆ. ಮನುಷ್ಯರು ದುಡಿದು ದಣಿಯುತ್ತಾರೆ, ನದಿ ಮಾತ್ರ ಯಾವುದನ್ನೂ ಲಕ್ಷಿಸದೆ ಹರಿಯುತ್ತದೆ ಎಂಬುದು ಅದರ ಭಾವ. ಪಲ್ಲವಿಯ ಮೊದಲ ಭಾಗ ಬಹುಮಟ್ಟಿಗೆ ಐದೇ ಸ್ವರಗಳಲ್ಲಿ ನಡೆಯುತ್ತದೆ. ನಮ್ಮ ಮೋಹನ ರಾಗವನ್ನು ಬಲ್ಲವರ ಕಿವಿಗೆ ಅದು ಪೂರ್ಣ ಪರಕೀಯವೆನಿಸದು. ಆದರೆ ಹಾಡಿನ ಒಟ್ಟು ಹರವು ಒಂದೂವರೆ ಸ್ಥಾಯಿಯನ್ನೂ ಮೀರಿದುದರಿಂದ ಸಾಮಾನ್ಯ ಕಂಠಕ್ಕೆ ಎಟುಕುವಂತಹುದಲ್ಲ. ನಾವೆಯನ್ನು ಸ್ವಾಗತಿಸುವ ಸಂತೋಷದ ಸಮೂಹಗಾನದ ಸ್ವರಗಳನ್ನೇ ತಿರುವಿ, ನಡೆಯನ್ನು ತಗ್ಗಿಸಿ ಕರ್ನನು ಈ ದುಃಖದ ಹಾಡಿನ ಆರಂಭವನ್ನು ಕಟ್ಟಿದನು. ಒಂದೇ ಕಟ್ಟೆಯಲ್ಲಿ ಒಬ್ಬರಿಗೆ ಉತ್ಸವ, ಇನ್ನೊಬ್ಬರಿಗೆ ಹೊರೆ ಎಂಬುದನ್ನು ಸ್ವರಗಳೇ ಹೇಳುತ್ತವೆ. ಈ ಹಾಡನ್ನು ಬೇರೊಂದು ನಾಟಕಕ್ಕೆ ತೇಪೆಯಾಗಿ ಹಚ್ಚಿದರೆ ಈ ಅರ್ಥವೆಲ್ಲ ಉದುರಿಹೋಗುತ್ತದೆ.

ಹಾಗೆಂದು ಈ ನಾಟಕವನ್ನು ನಿರ್ದೋಷವೆನ್ನಲಾಗದು. ಕರಿಯರ ಬಾಳನ್ನು ಬರೆದವರು ಬಿಳಿಯರು. ಆರಂಭದ ಗಾನದಲ್ಲಿದ್ದ ಕರಿಯರನ್ನು ಹೀನಗೊಳಿಸುವ ಶಬ್ದವನ್ನು ಮುಂದಿನ ಪ್ರಯೋಗಗಳಲ್ಲಿ ಬದಲಾಯಿಸಬೇಕಾಯಿತು. ೧೯೨೮ರಲ್ಲಿ ಲಂಡನ್ನಿನ ಡ್ರೂರಿ ಲೇನ್ ನಾಟಕಶಾಲೆಯಲ್ಲಿಯೂ ೧೯೩೬ರ ಚಲಚ್ಚಿತ್ರದಲ್ಲಿಯೂ ಜೋ ಪಾತ್ರವನ್ನು ವಹಿಸಿದ ಪಾಲ್ ರೋಬ್ಸನ್, ಮುಂದೆ ತನ್ನ ಸಂಗೀತ ಸಭೆಗಳಲ್ಲಿ ಹಾಡಿನ ಮಾತನ್ನೇ ಮಾರ್ಪಡಿಸಿದನು. ದಣಿವಿನ ಮತ್ತು ಸೋಲಿನ ನುಡಿಗಳಿದ್ದೆಡೆ ಹೋರಾಟದ ನುಡಿಗಳನ್ನು ಇಟ್ಟನು. ಯಾರ ದುಃಖವನ್ನು ಕುರಿತು ಹಾಡು ಹುಟ್ಟಿತೋ ಅವರೇ ಅದನ್ನು ತಿದ್ದಿ ತಮ್ಮದಾಗಿ ಮಾಡಿಕೊಂಡರು. ಆ ಹೊಸ ಮಾತಿನ ಭಾರವನ್ನೂ ಹಳೆಯ ಮಟ್ಟು ತಾಳಿತೆಂಬುದು ಕರ್ನನ ಸ್ವರಶಕ್ತಿಗೆ ಸಾಕ್ಷಿಯಾಗಿದೆ.

ಇನ್ನೊಂದು ಸ್ವಾರಸ್ಯವನ್ನೂ ಇಲ್ಲಿ ಹೇಳಬೇಕು. ಇದೇ ನಾಟಕದಲ್ಲಿ ಜೂಲಿ ಹಾಡುವ ‘ಬಿಲ್’ ಎಂಬ ಹಾಡು ನಾಟಕಕ್ಕಾಗಿ ಕಟ್ಟಿದುದೇ ಅಲ್ಲ. ಅದರ ಮಾತು ಮುಖ್ಯವಾಗಿ ವುಡ್‌ಹೌಸನದು. ೧೯೧೮ರ ಒಂದು ಪ್ರಿನ್ಸೆಸ್ ನಾಟಕಕ್ಕೆಂದು ಬರೆದು, ಹೊಂದಲಿಲ್ಲವೆಂದು ಕೈಬಿಟ್ಟದ್ದು. ಹತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದ ಈ ಹಗುರವಾದ ಹಾಡು, ಬಾಳು ಮುರಿದು ಕುಡಿತಕ್ಕೆ ಬಿದ್ದ ಜೂಲಿಯ ಬಾಯಲ್ಲಿ ಕರುಳು ಹಿಂಡುವ ಹಾಡಾಯಿತು. ಹಾಗಾದರೆ ಇದು ಹಳೆಯ ತೇಪೆಯ ಕೆಲಸವೇ ಅಲ್ಲವೆ ಎಂದು ಯಾರಾದರೂ ಆಕ್ಷೇಪಿಸಬಹುದು. ಅಲ್ಲವೆಂದೇ ನಮ್ಮ ಅಭಿಪ್ರಾಯ. ತೇಪೆಯ ಕೆಲಸದಲ್ಲಿ ನೋಡುತ್ತಿದ್ದುದು ಯಾವ ಹಾಡು ಮಾರಾಟವಾಗುತ್ತದೆ ಎಂಬುದನ್ನು. ಇಲ್ಲಿ ನೋಡಿದುದು ಈ ಹೆಣ್ಣು ಈ ಗಳಿಗೆಯಲ್ಲಿ ಏನನ್ನು ಹಾಡುವಳು ಎಂಬುದನ್ನು. ಹಾಡು ಎಂದು ಹುಟ್ಟಿತೆಂಬುದು ಮುಖ್ಯವಲ್ಲ. ಅದಕ್ಕೆ ತಕ್ಕ ನೆಲೆ ದೊರೆಯಿತೆ ಎಂಬುದೇ ಮುಖ್ಯ.

ಮುಂದಿನ ಬಾಳನ್ನು ಸಂಕ್ಷೇಪವಾಗಿ ಹೇಳಬಹುದು. ಕರ್ನನು ಅಪೂರ್ವ ಗ್ರಂಥಗಳ ಸಂಗ್ರಾಹಕನಾಗಿದ್ದನು. ೧೯೨೯ರ ಜನವರಿಯಲ್ಲಿ ಅವನ್ನು ಹರಾಜು ಹಾಕಿದಾಗ ೧೭ ಲಕ್ಷ ಡಾಲರುಗಳಿಗೂ ಮಿಗಿಲಾಗಿ ಬಂದಿತು. ಅದೇ ವರ್ಷ ಷೇರುಪೇಟೆ ಕುಸಿದಾಗ ಅದರ ಬಹುಭಾಗ ಕರಗಿತೆಂದು ಹೇಳುತ್ತಾರೆ. ೧೯೩೩ರ ‘ರೋಬರ್ಟಾ’ ನಾಟಕದ ಬಳಿಕ ಆತನು ಹೆಚ್ಚಾಗಿ ಹಾಲಿವುಡ್ಡಿನ ಚಿತ್ರಗಳಿಗೆ ದುಡಿದನು. ೧೯೩೬ರಲ್ಲಿ ಒಮ್ಮೆ, ೧೯೪೧ರ ಚಿತ್ರವೊಂದಕ್ಕಾಗಿ ಇನ್ನೊಮ್ಮೆ ಅಕಾಡೆಮಿಯ ಬಹುಮಾನ ಬಂದಿತು. ಎರಡನೆಯದು ಜರ್ಮನರ ವಶವಾದ ಪ್ಯಾರಿಸ್ ನಗರವನ್ನು ನೆನೆಯುವ ಹಾಡು. ಕರ್ನನು ಸಾಮಾನ್ಯವಾಗಿ ಮೊದಲು ಮಟ್ಟು ಕಟ್ಟಿ ಬಳಿಕ ಮಾತನ್ನು ಕೂಡಿಸಿಕೊಳ್ಳುವವನು. ಇಲ್ಲಿ ಹ್ಯಾಮರ್‌ಸ್ಟೈನನ ಮಾತೇ ಮೊದಲು ಬಂದಿತು. ಆದರೆ ಆ ಹಾಡು ಚಿತ್ರಕ್ಕೆಂದು ಹುಟ್ಟಿದುದಲ್ಲ, ಹೊರಗಿನಿಂದ ತಂದು ಸೇರಿಸಿದ್ದು. ಅಂತಹುದಕ್ಕೆ ಬಹುಮಾನ ಸಲ್ಲದೆಂದು ಗೆದ್ದ ಕರ್ನನೇ ವಾದಿಸಿದನು, ನಿಯಮವೂ ಬದಲಾಯಿತು. ಇಡೀ ಬಾಳಿನ ತತ್ತ್ವವನ್ನು ತನ್ನ ಲಾಭಕ್ಕೆ ವಿರುದ್ಧವಾಗಿ ಎತ್ತಿಹಿಡಿದುದು ದೊಡ್ಡತನವಲ್ಲವೆ?

೧೯೪೫ರ ನವೆಂಬರಿನಲ್ಲಿ ‘ಷೋ ಬೋಟ್’ ನಾಟಕದ ಹೊಸ ಪ್ರಯೋಗಕ್ಕಾಗಿ ನ್ಯೂಯಾರ್ಕಿಗೆ ಬಂದಿದ್ದಾಗ ಆತನು ಬೀದಿಯಲ್ಲಿಯೇ ಕುಸಿದುಬಿದ್ದನು. ಗುರುತು ಹಿಡಿಯುವವರಿಲ್ಲದೆ ಸಾರ್ವಜನಿಕ ಆಸ್ಪತ್ರೆಗೆ ಸೇರಿಸಿದರು. ಜೇಬಿನಲ್ಲಿದ್ದ ಗೀತಕಾರರ ಸಂಘದ ಚೀಟಿಯಿಂದ ಇವನಾರೆಂಬುದು ತಿಳಿಯಿತು. ದೇಶದಲ್ಲೆಲ್ಲ ಹಾಡುತ್ತಿದ್ದ ಮಟ್ಟುಗಳ ಕರ್ತನು ಬೀದಿಯಲ್ಲಿ ಅಪರಿಚಿತ! ನವೆಂಬರ್ ೧೧ರಂದು, ಅರುವತ್ತನೆಯ ವಯಸ್ಸಿನಲ್ಲಿ, ತೀರಿಕೊಂಡನು.

ಕರ್ನನ ಹಾಡುಗಳು ಏಳುನೂರಕ್ಕೂ ಹೆಚ್ಚು. ಅವುಗಳಲ್ಲಿ ಬಹುಪಾಲನ್ನು ಕಾಲವು ಮರೆತಿದೆ. ತೇಪೆಗೆಂದು ಹುಟ್ಟಿದವು ಬಟ್ಟೆಯೊಡನೆಯೇ ಹರಿದುಹೋದುವು. ‘ಷೋ ಬೋಟ್’ ಉಳಿದಿದೆ. ೧೯೨೭ರಲ್ಲಿ ಪ್ರಕಟವಾದ ಅದರ ಗೀತೆಗಳ ಮೇಲಿನ ಹಕ್ಕು ಅಮೆರಿಕದಲ್ಲಿ ೨೦೨೩ನೆಯ ಜನವರಿ ೧ರಂದು ಮುಗಿದು, ಅವು ಸರ್ವರ ಸ್ವತ್ತಾಗಿವೆ. ಈಗ ಯಾರು ಬೇಕಾದರೂ ಅವನ್ನು ಎಲ್ಲಿ ಬೇಕಾದರೂ ಸೇರಿಸಿಕೊಳ್ಳಬಹುದು, ತಡೆಯುವ ಒಡೆಯನಿಲ್ಲ. ಸೇರಿಸಿಕೊಳ್ಳುವವರು ಕರ್ನನ ಪ್ರಶ್ನೆಯನ್ನು ತಮಗೆ ತಾವೇ ಒಮ್ಮೆ ಕೇಳಿಕೊಂಡರೆ ಸಾಕು: ಈ ಹಾಡನ್ನು ಹಾಡುತ್ತಿರುವವರು ಯಾರು, ಏಕೆ ಹಾಡುತ್ತಿದ್ದಾರೆ?