ಕುರ್ಚಿ ಕೊಟ್ಟು ಬಾಯಿ ಕಟ್ಟುವ ರಾಜಕಾರಣ

(ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣ)



ನಮ್ಮನ್ನು ಹೊಡೆಯುವವರ ಬಗ್ಗೆ ಬೇಕಾದಷ್ಟು ಮಾತಾಡಿದ್ದೇವೆ. ಕೇರಿಗೆ ಬೆಂಕಿ ಇಟ್ಟವರು, ಬಹಿಷ್ಕಾರ ಹಾಕಿದವರು, ಇವರೆಲ್ಲ ಕಣ್ಣಿಗೆ ಕಾಣುವ ಶತ್ರುಗಳು. ಇವತ್ತು ನಾನು ಹೇಳಬೇಕೆಂದಿರುವುದು ಹೆಗಲ ಮೇಲೆ ಕೈ ಹಾಕಿ, ಪಕ್ಕದಲ್ಲಿ ಕೂರಿಸಿಕೊಂಡು ಕಾಫಿ ಕೊಡುವವರ ವಿಷಯ. ಹೊಡೆದರೆ ಜನ ಒಟ್ಟಾಗುತ್ತಾರೆ, ಕೇಸಾಗುತ್ತದೆ, ಪೇಪರಿನಲ್ಲಿ ಬರುತ್ತದೆ. ನಾಲ್ಕು ಜನ ಮುಂದಾಳುಗಳಲ್ಲಿ ಒಬ್ಬನನ್ನು ಒಳಗೆ ಹಾಕಿಕೊಂಡರೆ ಖರ್ಚು ಕಮ್ಮಿ, ಸದ್ದೂ ಇಲ್ಲ. ಉಳಿದ ಮೂವರು ಒಬ್ಬರ ಮೇಲೊಬ್ಬರು ಅನುಮಾನಪಟ್ಟುಕೊಂಡು ಕೂರುತ್ತಾರೆ.

ಇದನ್ನು 'ನಮ್ಮೋನು ಮಾರಿಕೊಂಡ ಬಿಡ್ರಪ್ಪ' ಎಂದು ಬೈದು ಮುಗಿಸಿದರೆ ಏನೂ ಅರ್ಥವಾಗುವುದಿಲ್ಲ. ಹೀಗೇ ಆಗಲೆಂದು ಒಂದು ಏರ್ಪಾಡು ಇದೆ. ಅದರ ಬುಡ ನೋಡಬೇಕಾದರೆ 1932ಕ್ಕೆ ಹೋಗಬೇಕು.

ಆ ವರ್ಷ ಆಗಸ್ಟ್‌ನಲ್ಲಿ ಬ್ರಿಟಿಷ್ ಸರ್ಕಾರ ಅಸ್ಪೃಶ್ಯರಿಗೆ ಪ್ರತ್ಯೇಕ ಮತಕ್ಷೇತ್ರ ಕೊಟ್ಟಿತು. ಅಂದರೆ ನಮ್ಮ ಪ್ರತಿನಿಧಿಯನ್ನು ನಮ್ಮ ಜನವೇ ಓಟು ಹಾಕಿ ಆರಿಸುವುದು. ಅದರ ಜೊತೆಗೆ ಸಾಮಾನ್ಯ ಕ್ಷೇತ್ರದಲ್ಲೂ ಒಂದು ಓಟು. ಗಾಂಧೀಜಿ ಯೆರವಾಡ ಜೈಲಿನಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ರಂದು ಬಾಬಾಸಾಹೇಬರು ಪೂನಾ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ಸೀಟಿನ ಲೆಕ್ಕ ಹೆಚ್ಚಿತು, ಪ್ರಾಂತೀಯ ಶಾಸನಸಭೆಗಳಲ್ಲಿ 148. ಆದರೆ ಆರಿಸುವ ಅಧಿಕಾರ ಊರಿನ ಕೈಗೆ ಹೋಯಿತು. ಮೊದಲ ಸುತ್ತಿನಲ್ಲಿ ನಮ್ಮವರು ನಾಲ್ವರನ್ನು ಆರಿಸಬೇಕು, ಆ ನಾಲ್ವರಲ್ಲಿ ಒಬ್ಬನನ್ನು ಎಲ್ಲ ಜಾತಿಯವರೂ ಸೇರಿ ಗೆಲ್ಲಿಸಬೇಕು. ನೀವೇ ಹೇಳಿ, ಕೇರಿಗೆ ಬೇಕಾದವನು ಮೊದಲನೆಯವನು, ಊರಿಗೆ ಬೇಕಾದವನು ನಾಲ್ಕನೆಯವನು ಆದರೆ ಗೆಲ್ಲುವವನು ಯಾರು?

1946ರ ಚುನಾವಣೆಯಲ್ಲಿ ಇದು ಗೊತ್ತಾಯಿತು. ಬಾಬಾಸಾಹೇಬರ ಪರಿಶಿಷ್ಟ ಜಾತಿಗಳ ಫೆಡರೇಷನ್ ನೆಲಕಚ್ಚಿತು. ಸಂವಿಧಾನ ಸಭೆಗೆ ಹೋಗಲು ಅವರಿಗೆ ಬೊಂಬಾಯಿಯಿಂದ ದಾರಿ ಸಿಗಲಿಲ್ಲ. ಜೋಗೇಂದ್ರನಾಥ ಮಂಡಲರ ನೆರವಿನಿಂದ ಬಂಗಾಳದಿಂದ ಹೋಗಬೇಕಾಯಿತು. ಇದೇ ಫಲಿತಾಂಶ ಇಟ್ಟುಕೊಂಡು, ಅಸ್ಪೃಶ್ಯರ ಪ್ರತಿನಿಧಿ ಕಾಂಗ್ರೆಸ್ಸೇ ಎಂದು ವಾದ ಹೂಡಿದರು. 1952ರಲ್ಲಿ ಬೊಂಬಾಯಿ ಉತ್ತರದಲ್ಲಿ ಬಾಬಾಸಾಹೇಬರನ್ನು ಸೋಲಿಸಿದ್ದು ಕಾಂಗ್ರೆಸ್ಸಿನ ಕಾಜ್ರೋಳ್ಕರ್, ದಲಿತ ಅಭ್ಯರ್ಥಿಯೇ. 1954ರ ಭಂಡಾರ ಉಪಚುನಾವಣೆಯಲ್ಲೂ ಅದೇ ಕತೆ. ಸಂವಿಧಾನ ಬರೆದ ಕೈ ಸೋತಿತು. ಆ ಕಾಜ್ರೋಳ್ಕರ್ ಮುಂದೆ ಏನು ಮಾತಾಡಿದರೆಂದು ನಿಮ್ಮಲ್ಲಿ ಯಾರಿಗಾದರೂ ಗೊತ್ತಿದೆಯೇ?

ಇದು ದೂರದ ಕತೆ ಅನ್ನಿಸಿದರೆ ನಿಮ್ಮೂರಿಗೆ ಬನ್ನಿ. 1993ರ ಪಂಚಾಯತ್ ರಾಜ್ ಕಾಯಿದೆಯಲ್ಲಿ ಅಧ್ಯಕ್ಷ ಸ್ಥಾನಕ್ಕೂ ಮೀಸಲಾತಿ ಬಂತು. ಸರದಿಯ ಮೇಲೆ ನಮ್ಮವರು ಅಧ್ಯಕ್ಷರಾಗುತ್ತಾರೆ. ಬಿಲ್ಲು ಯಾರ ಮನೆಯ ಜಗಲಿ ಮೇಲೆ ಬರೆಯುತ್ತಾರೆ? ಗೌಡರು ಹೇಳಿದ ಕಡೆ ಸಹಿ ಹಾಕಿದರೆ 'ಒಳ್ಳೆ ಮನುಷ್ಯ, ಹೊಂದಿಕೊಂಡು ಹೋಗ್ತಾನೆ'. ಕೇರಿಗೆ ಚರಂಡಿ, ಸ್ಮಶಾನಕ್ಕೆ ಜಾಗ ಅಂದನೋ, ಸದಸ್ಯರೆಲ್ಲ ಸೇರಿ ಅವಿಶ್ವಾಸ ಗೊತ್ತುವಳಿ. ಕುರ್ಚಿ ನಮ್ಮದು, ಕುರ್ಚಿಯ ಕಾಲು ಅವರ ಕೈಯಲ್ಲಿ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಾಳೆ ಯಾರಾದರೂ ಬಂದು 'ಹಾಗಾದ್ರೆ ನಿಮಗೆ ಮೀಸಲಾತಿ ಬೇಡ ಅಂತ ನಿಮ್ಮೋರೇ ಹೇಳ್ತಾರಲ್ಲ' ಅಂದಾರು. ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು, ನೌಕರಿ, ಇವು ಯಾರ ದಾನವೂ ಅಲ್ಲ, ನಮ್ಮ ಹಕ್ಕು. ಸೀಟೂ ಹಕ್ಕೇ. ಆ ಸೀಟಿನಲ್ಲಿ ಕೂತವನು ಯಾರಿಗೆ ಲೆಕ್ಕ ಒಪ್ಪಿಸಬೇಕು ಅನ್ನುವುದು ನನ್ನ ಪ್ರಶ್ನೆ.

ಚುನಾವಣೆಯ ಹೊರಗೆ ಚಳವಳಿ ಕಟ್ಟಿದರೆ? ಅದಕ್ಕೂ ಬಲೆ ಇದೆ. 1957ರ ಅಕ್ಟೋಬರಿನಲ್ಲಿ, ಬಾಬಾಸಾಹೇಬರು ಹೋದ ಮೇಲೆ, ರಿಪಬ್ಲಿಕನ್ ಪಾರ್ಟಿ ಶುರುವಾಯಿತು. 1964ರ ಡಿಸೆಂಬರ್ 6ರಿಂದ ದಾದಾಸಾಹೇಬ್ ಗಾಯಕವಾಡರ ಮುಂದಾಳತ್ವದಲ್ಲಿ ಭೂಮಿಗಾಗಿ ಸತ್ಯಾಗ್ರಹ ನಡೆಯಿತು. ಲಕ್ಷಗಟ್ಟಲೆ ಜನ ಜೈಲು ತುಂಬಿದರು. ಆಳುವವರು ಹೆದರಿದ್ದು ಇದಕ್ಕೆ, ಭೂಮಿ ಕೇಳಿದ್ದಕ್ಕೆ. ಆಮೇಲೆ ಮಹಾರಾಷ್ಟ್ರದಲ್ಲಿ ಯಶವಂತರಾವ್ ಚವಾಣರ ಕಾಂಗ್ರೆಸ್ ಮೈತ್ರಿಗೆ ಕೈ ಚಾಚಿತು. ಕಾಂಗ್ರೆಸ್ ಜೊತೆ ಹೋಗಬೇಕೋ ಬೇಡವೋ ಎಂದು ಪಕ್ಷ ಹೋಳಾಯಿತು. ಉತ್ತರ ಪ್ರದೇಶದಲ್ಲಿ 1962ರಲ್ಲಿ ಅಲಿಗಢದಿಂದ ಲೋಕಸಭೆಗೆ ಗೆದ್ದ ಬಿ.ಪಿ. ಮೌರ್ಯ ಮುಂದೆ ಕಾಂಗ್ರೆಸ್ ಸೇರಿ ರಾಜ್ಯ ಸಚಿವರಾದರು. ಈ ಹೇಸಿಗೆ ಕಂಡು 1972ರಲ್ಲಿ ಬೊಂಬಾಯಿಯ ಹುಡುಗರು ದಲಿತ ಪ್ಯಾಂಥರ್ಸ್ ಕಟ್ಟಿದರು. 1974ರಲ್ಲಿ ಅದೂ ಒಡೆಯಿತು. ಪ್ಯಾಂಥರ್ ಚಳವಳಿಯಿಂದಲೇ ಬಂದ ರಾಮದಾಸ್ ಆಠವಲೆ 1990ರಲ್ಲಿ ಕಾಂಗ್ರೆಸ್ ಸರ್ಕಾರದಲ್ಲಿ ಮಂತ್ರಿ, 2016ರಲ್ಲಿ ಬಿಜೆಪಿ ಸರ್ಕಾರದಲ್ಲಿ ಮಂತ್ರಿ. ಭೂಮಿಯ ಪ್ರಶ್ನೆ ಎಲ್ಲಿತ್ತೋ ಅಲ್ಲೇ ಇದೆ.

ಒಳಗೆ ಹೋಗಿಯೂ ಬಾಯಿ ಮುಚ್ಚದಿದ್ದರೆ ಏನಾಗುತ್ತದೆ ಎನ್ನುವುದನ್ನು ನಮ್ಮ ರಾಜ್ಯವೇ ತೋರಿಸಿದೆ. ಬಿ. ಬಸವಲಿಂಗಪ್ಪನವರು ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದರು. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಿದವರು. ಆಗೆಲ್ಲ ಸಹಿಸಿಕೊಂಡರು. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದದ್ದೇ ತಡ, ಬೀದಿಗೆ ಬೆಂಕಿ ಬಿತ್ತು. ದಲಿತ ವಿದ್ಯಾರ್ಥಿಗಳ ಮೇಲೆ, ಹಾಸ್ಟೆಲ್ಲುಗಳ ಮೇಲೆ ಹಲ್ಲೆಯಾಯಿತು. ಅವರು ಮಂತ್ರಿ ಪದವಿ ಬಿಡಬೇಕಾಯಿತು. ಅಂದರೆ ಕುರ್ಚಿಯ ಕರಾರು ಇದು: ಕೆಲಸ ಮಾಡು, ಮಾತಾಡಬೇಡ. ಅರಸು ಕಾಲದಲ್ಲಿ ನಮಗೆ ಏನೂ ಸಿಗಲಿಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ದಲಿತ ಸಂಘರ್ಷ ಸಮಿತಿ ಕಟ್ಟಲು ಕಿಚ್ಚು ಕೊಟ್ಟಿದ್ದು ಆ ಮಂತ್ರಿಗಿರಿ ಅಲ್ಲ, ಕುರ್ಚಿ ಕಳೆದ ಆ ಒಂದು ಮಾತು.

ಪೂನಾ ಒಪ್ಪಂದಕ್ಕೆ 50 ವರ್ಷ ತುಂಬಿದಾಗ, 1982ರಲ್ಲಿ, ಕಾನ್ಷಿರಾಂ 'ಚಮಚಾ ಯುಗ' ಎಂಬ ಪುಸ್ತಕ ತಂದರು. ಚಮಚ ತಾನಾಗಿ ಏನೂ ಮಾಡುವುದಿಲ್ಲ, ಹಿಡಿದವನ ಕೈ ಆಡಿದಂತೆ ಆಡುತ್ತದೆ. ಅವರ ಪಕ್ಷವೇ 1995ರಲ್ಲಿ ಬಿಜೆಪಿ ಬೆಂಬಲದಿಂದ ಸರ್ಕಾರ ಮಾಡಿತು. ಯಾರು ಯಾರನ್ನು ಬಳಸಿಕೊಂಡರು ಎಂಬ ಜಗಳ ಸಂಜೆಯ ಚರ್ಚೆಗೆ ಇರಲಿ. ಈಗ ನನ್ನ ಗಾಬರಿ ಬೇರೆ. 'ಚಮಚ' ಎನ್ನುವ ಮಾತನ್ನು ಈಗ ನಾವು ನಾವೇ ಎಸೆದಾಡುತ್ತಿದ್ದೇವೆ. ಎಡಗೈನವನು ಬಲಗೈನವನಿಗೆ, ಬಲಗೈನವನು ಎಡಗೈನವನಿಗೆ. ಒಡೆಯುವ ಕೆಲಸವನ್ನು ನಾವೇ ಪುಕ್ಕಟೆ ಮಾಡಿಕೊಟ್ಟರೆ ಅವರಿಗೆ ಕಾಫಿ ಖರ್ಚೂ ಉಳಿಯಿತು.

ನಿಮ್ಮ ಹತ್ತಿರ ಇದು ಹೇಗೆ ಬರುತ್ತದೆ? ಮಂತ್ರಿ ರೂಪದಲ್ಲಿ ಬರುವುದಿಲ್ಲ. ಊಟಕ್ಕೆ ಹುಳ ಬಿದ್ದ ಅಕ್ಕಿ ಬಂತೆಂದು ಸ್ಟ್ರೈಕ್ ಮಾಡುತ್ತೀರಿ. ಮೂರನೆ ದಿನ ಚೆನ್ನಾಗಿ ಮಾತಾಡುವ ಒಬ್ಬ ಹುಡುಗನಿಗೆ ಐ.ಬಿ.ಯಿಂದ ಕರೆ. 'ನೀನು ಬುದ್ಧಿವಂತ ಕಣಪ್ಪ, ಇವರ ಜೊತೆ ಯಾಕೆ ಹಾಳಾಗ್ತೀಯ, ಯುವ ಘಟಕಕ್ಕೆ ನಿನ್ನ ಹೆಸರು ಹಾಕಿಸ್ತೀನಿ' ಅನ್ನುತ್ತಾರೆ. ಅಂಬೇಡ್ಕರ್ ಜಯಂತಿಗೆ ಪೆಂಡಾಲ್ ಖರ್ಚು ಸಾಹೇಬರದು, ಬ್ಯಾನರಿನಲ್ಲಿ ಬಾಬಾಸಾಹೇಬರಿಗಿಂತ ಅವರ ಮುಖ ದೊಡ್ಡದು. ಅಕ್ಕಿ ಮಾತ್ರ ಬದಲಾಗಿಲ್ಲ. ಆ ಹುಡುಗನ ಅಪ್ಪ ಕೂಲಿ ಮಾಡುತ್ತಾನೆ, ಮನೆಯಲ್ಲಿ ತಂಗಿ ಮದುವೆಗಿದ್ದಾಳೆ. ಅವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ. ಆದರೆ ಅವನು ಒಬ್ಬನೇ ಹೋದದ್ದು ಯಾಕೆ?

ಅದಕ್ಕೇ ಕೇಳುತ್ತೇನೆ, ನಿಮ್ಮ ಹಾಸ್ಟೆಲ್ಲಿನಲ್ಲಿ ಈ ವಾರವೇ ಮಾಡಿ. ಯಾರಿಗೆ ಕರೆ ಬಂದರೂ ಒಬ್ಬನೇ ಹೋಗಕೂಡದು, ಇಬ್ಬರು ಜೊತೆಗಿರಬೇಕು. ಬಂದ ರಾತ್ರಿಯೇ ಊಟದ ಹಾಲಿನಲ್ಲಿ ಎಲ್ಲರ ಮುಂದೆ ನಿಂತು, ಏನು ಕೇಳಿದರು, ಏನು ಕೊಡುತ್ತೇವೆಂದರು, ನಾವು ಏನೆಂದೆವು ಎಂದು ಹೇಳಬೇಕು. ಮುಂದಾಳುವನ್ನು ಆರಿಸುವುದೂ ಇಳಿಸುವುದೂ ಆ ಹಾಲಿನಲ್ಲೇ ಆಗಬೇಕು. ಒಂದು ನೋಟ್ ಬುಕ್ ಇಟ್ಟು ಬರೆದಿಡಿ. ಮುಂದಿನ ಶಿಬಿರಕ್ಕೆ ಬರುವಾಗ ಅದನ್ನು ತನ್ನಿ, ಓದೋಣ.

ಜೈಭೀಮ್.